ಒಳ್ಳೆ ಹುಡುಗಿ ಸರ್ಟಿಫಿಕೇಟಿನ ಎಕ್ಸ್‌ಪೈರಿ ಡೇಟು

ಅಸೆಕ್ಷುವಲ್, ಅಂದ್ರ ಯಾರ ಮ್ಯಾಲೂ ಲೈಂಗಿಕ ಆಕರ್ಷಣೆ ಆಗದ, ಹುಡುಗ ಹುಡುಗಿಯರು ಇರೋ ಯಂಗ್ ಅಡಲ್ಟ್ (ಹದಿವಯಸ್ಸಿನವರ) ಕಾದಂಬರಿ ಓದೂ ಮುಂದ ನನಗ ಒಂದು ವಿಚಿತ್ರ ತ್ರಾಸ ಆಗ್ತೈತಿ, ಹೇಳಿದ್ರ ನಗ್ತಾರಂತ ಇಷ್ಟ ದಿವಸ ಸುಮ್ಮಿದ್ದೆ. ಅದೇನಂದ್ರ ಹೊಟ್ಟಿಕಿಚ್ಚು. ಆ ಹುಡುಗಿಗೆ ಕೊನಿಗೆ ಸಿಗೋ ಸಮಾಧಾನದ ಮ್ಯಾಲಲ್ಲ, ಆಕಿ ಗೆಳೆಯರ ಮ್ಯಾಲೂ ಅಲ್ಲ, ಆಕಿಗೆ ಬರೋ ಕಷ್ಟದ ಮ್ಯಾಲ. ಹದಿನೇಳು ಹದಿನೆಂಟಕ್ಕ ಆಕಿನ್ನ ಎಲ್ಲಾರೂ ಕಾಡ್ತಾರ, ಯಾಕ ನಿನಗ ಇನ್ನೂ ಯಾರೂ ಇಲ್ಲ, ಯಾಕ ಇನ್ನೂ ಯಾರಿಗೂ ಮುತ್ತು ಕೊಟ್ಟಿಲ್ಲ, ನಿನಗೇನಾಗೇತಿ ಅಂತ, ಆಕಿ ಬಾತ್ರೂಮಿನಾಗ ಕುಂತು ಅಳ್ತಾಳ, ರಾತ್ರಿ ಎಲ್ಲಾ ಗೂಗಲ್ ಮಾಡ್ತಾಳ. ನಾ ಪುಸ್ತಕ ಎದಿ ಮ್ಯಾಲ ಇಟ್ಕೊಂಡು ಅನ್ಕೋತೀನಿ, ನನ್ನ ಹದಿನೇಳನೇ ವಯಸ್ಸಿನಾಗ ಯಾರಾರ ಒಬ್ರು ಹಂಗ ಕಾಡಿದ್ರ ಎಷ್ಟ ಛಲೋ ಇತ್ತು ಅಂತ. ನನ್ನನ್ನ ಯಾರೂ ಏನೂ ಕೇಳ್ಲಿಲ್ಲ. ನನಗ ಶಬ್ಬಾಶ್ ಅಂದ್ರು.

ಈ ಪುಸ್ತಕ ಎಲ್ಲಾ ನನಗ ಸಿಕ್ಕಿದ್ದು ನಮ್ಮ ಅಕ್ಕನ ಮಗಳಿಂದ. ಬೆಳಗಾವಿಯೊಳಗ ಇಂಜಿನಿಯರಿಂಗ್ ಓದ್ತಾಳ, ಆಕಿ ರೂಮಿನಾಗ ಸಬ್ಜೆಕ್ಟಿನ ಪುಸ್ತಕಕ್ಕಿಂತ ಇವ ಹೆಚ್ಚ. ರಜಾಕ್ಕ ಬಾಗಲಕೋಟಿಗೆ ಬಂದ್ಲಂದ್ರ ನನ್ನ ಮನ್ಯಾಗ ಒಂದೆರಡು ಬಿಟ್ಟು ಹೋಗ್ತಾಳ, "ಮೌಶಿ, ಇದನ್ನ ಓದು" ಅಂತ ಹೇಳಿ. ಯಾಕ ಓದ್ಬೇಕು ಅನ್ನೋದನ್ನ ಹೇಳಂಗಿಲ್ಲ, ನಾನೂ ಕೇಳಿಲ್ಲ. ನಮ್ಮ ಮನಿತನದಾಗ ಮುಖ್ಯ ವಿಷಯ ಎಲ್ಲಾ ಹಿಂಗ ನಡೀತಾವ.

ಟಾಮಿ ಮತ್ತ ನನ್ನ ಹಿಂದಿನ ರೋಲ್ ನಂಬರು

ಆಲಿಸ್ ಓಸ್ಮನ್ ಅವರ ‘ಲವ್‌ಲೆಸ್’ ಬಂದಿದ್ದು 2020ರಾಗ, ಮರುವರ್ಷ ಬ್ರಿಟನ್ನಿನ ವೈಎ (ಯಂಗ್ ಅಡಲ್ಟ್) ಬುಕ್ ಪ್ರೈಜ್ ಅದಕ್ಕ ಸಿಕ್ತು. ಏಸ್ (ಅಸೆಕ್ಷುವಲ್ ಅನ್ನೋದರ ಸಣ್ಣ ಹೆಸರು) ಕಥಿ ಅಂದ ಕೂಡ್ಲೆ ಈಗ ಭಾಳ ಮಂದಿ ಬಾಯಾಗ ಬರೋ ಹೆಸರು ಅದ. ಅದರಾಗಿನ ಜಾರ್ಜಿಯಾ ಪ್ರೇಮಕಥಿ ಅಂದ್ರ ಜೀವ ಬಿಡಾಕಿ, ಫ್ಯಾನ್ ಫಿಕ್ಷನ್ ಓದ್ಕೋತ ರಾತ್ರಿ ಕಳಿಯಾಕಿ, ಆದ್ರ ಸ್ವಂತಕ್ಕ ಅಂತ ಬಂದಾಗ ಏನೂ ಆಗವಲ್ದು. ಟಾಮಿ ಅನ್ನೋ ಹುಡುಗನ ಮ್ಯಾಲ ನನಗ ಕ್ರಶ್ ಐತಿ ಅಂತ ವರ್ಷಗಟ್ಟಲೆ ತಿಳ್ಕೊಂಡಿರ್ತಾಳ, ಸಾಲಿ ಮುಗಿಯೋ ಹೊತ್ತಿನ ಪಾರ್ಟಿಯೊಳಗ ಅವ ಖರೇನ ಹತ್ರ ಬಂದಾಗ ಗಾಬರಿಯಾಗಿ ಹಿಂದ ಸರೀತಾಳ. ಆಮ್ಯಾಲ ಗೊತ್ತಾಗ್ತೈತಿ, ಟಾಮಿ ಆಕಿಗೆ ಇಷ್ಟ ಆದ ಹುಡುಗ ಅಲ್ಲ, ಆಕಿ ಆರಿಸ್ಕೊಂಡ ಹುಡುಗ. ಯಾರೋ ಕೇಳಿದ್ರು, ಒಂದು ಹೆಸರು ಬೇಕಾಗಿತ್ತು, ಕೊಟ್ಟಿದ್ಲು ಅಷ್ಟ.

ಅಲ್ಲಿಗೆ ಪುಸ್ತಕ ಮಡಚಿ ಎದ್ದೆ, ಯಾಕಂದ್ರ ನಾನೂ ಒಂದು ಹೆಸರು ಕೊಟ್ಟಿದ್ದೆ, ಅದೂ ಗೋಳಗುಮ್ಮಟದಾಗ.

ಆಗ ವಿಜಯಪುರದಾಗ ಪಿಯುಸಿ, ಹಾಸ್ಟೆಲ್ ವಾಸ. ರವಿವಾರ ಮುಂಜಾನಿ ಲಗೂ ಎದ್ದು ಗುಮ್ಮಟಕ್ಕ ಹೋಗ್ತಿದ್ವಿ, ಯಾಕಂದ್ರ ಒಂದ್ಸಲ ಸಾಲಿ ಟ್ರಿಪ್ಪಿನ ಹುಡುಗ್ರು ಬಂದು ಸಿಳ್ಳಿ ಹೊಡ್ದು ಒದರಾಕ ಸುರು ಮಾಡಿದ್ರಂದ್ರ ಆ ಗ್ಯಾಲರಿಯೊಳಗ ಯಾರ ಪಿಸುಮಾತೂ ಯಾರಿಗೂ ಕೇಳಂಗಿಲ್ಲ, ಬರೇ ತಲಿಬ್ಯಾನಿ. ಮೂಲಿ ಗೋಪುರದ ಸಣ್ಣ ಮೆಟ್ಟಲಾ ಹತ್ತಿ ಏದುಸಿರು ಬಿಟ್ಕೋತ ಮ್ಯಾಲ ಹೋಗಿ ಗುಮ್ಮಟದ ಒಳಗ ಸುತ್ತೂ ಕಡಿ ಕೂಡ್ತಿದ್ವಿ. ಆಟ ಏನಂದ್ರ, ಒಬ್ಬಾಕಿ ಈ ಕಡಿ ಗ್ವಾಡಿಗೆ ಬಾಯಿ ಹಚ್ಚಿ ತನ್ನ ‘ಅವನ’ ಹೆಸರು ಪಿಸುಗುಟ್ಟಬೇಕು, ಎದುರಿನ ಕಡಿ ಉಳಿದಾಕಿಗೋಳು ಕಿವಿ ಹಚ್ಚಿ ಕೇಳಬೇಕು. 1656ರಿಂದ ಮಹಮ್ಮದ್ ಆದಿಲ್ ಶಾಹನ ಗೋರಿ ಅದು, ಕೆಳಗ ಬಾದಶಹ ಮಲ್ಕೊಂಡಾನ, ಮ್ಯಾಲ ಪಿಯುಸಿ ಹುಡುಗ್ಯಾರು ಹುಡುಗ್ರ ಹೆಸರು ಒಪ್ಪಸಾಕತ್ತಾರ.

ನನ್ನ ಪಾಳಿ ಬಂತು. ಗ್ವಾಡಿಗೆ ಮುಖಾ ಹಚ್ಚಿ ನಿಂತೆ, ಗಚ್ಚು ತಣ್ಣಗಿತ್ತು, ಕಣ್ಣ ಮುಂದ ಯಾರ್ಯಾರೋ ಮೊಳಿಲೇ ಕೆತ್ತಿದ ಹೃದಯ, ಬಾಣ, ಇಂಗ್ಲಿಷ್ ಅಕ್ಷರ. ನನ್ನ ತಲ್ಯಾಗ ಮಾತ್ರ ಏನೂ ಇಲ್ಲ. ಮುಚ್ಚಿಡಾಕತ್ತೇನಿ ಅಂತಲ್ಲ, ಖರೇನ ಏನೂ ಇಲ್ಲ. ಉಳಿದಾಕಿಗೋಳು ಹೇಳೂ ಮುಂದ ಅವರ ಮಾರಿ ಕೆಂಪಗಾಗೋದು ನೋಡಿದ್ದೆ, ಒಬ್ಬಾಕಿಗೆ ದನಿ ನಡುಗಿತ್ತು, ಅದು ಎಲ್ಲಿಂದ ಬರ್ತೈತಿ ಅಂತ ನನಗ ಅಂದಾಜ ಹತ್ತಲಿಲ್ಲ. ಕಡೀಕ ಹಾಜರಿ ಕರಿಯೂ ಮುಂದ ನನ್ನ ಹೆಸರಿನ ಹಿಂದ ಬರೋ ಹುಡುಗನ ಹೆಸರು ಬಾಯಿಗೆ ಬಂತು, ದಿನಾ ಕೇಳಿ ಕೇಳಿ ಬಾಯಿಪಾಠ ಆಗಿತ್ತಲ್ಲ, ಅದನ್ನ ಹೇಳಿಬಿಟ್ಟೆ. ಆ ಕಡಿಯಿಂದ ಕಿಸಕ್ಕನ ನಕ್ಕಿದ್ದು ಅಷ್ಟು ದೂರ ಸುತ್ತಿ ಬಂದು ನನ್ನ ಕಿವ್ಯಾಗ ಬಿತ್ತು. ನನಗ ನಾಚಿಕಿ ಆಗ್ಲಿಲ್ಲ, ಪಾರಾದೆ ಅನಸ್ತು. ಪಾಪ ಆ ಹುಡುಗಗ ಇವತ್ತಿನ ತನಕ ಗೊತ್ತಿಲ್ಲ.

ಕೆನಡಾದ ಆಂಥನಿ ಬೋಗಾರ್ಟ್ ಅನ್ನೋ ಸಂಶೋಧಕರು ಬ್ರಿಟನ್ನಿನ ಹದಿನೆಂಟು ಸಾವಿರಕ್ಕೂ ಹೆಚ್ಚು ಮಂದಿಯ ಸರ್ವೆ ಹಿಡ್ಕೊಂಡು 2004ರಾಗ ಒಂದು ಪೇಪರ್ ಬರದ್ರು, ಯಾರ ಬಗ್ಗೆನೂ ಲೈಂಗಿಕ ಆಕರ್ಷಣೆ ಆಗಿಲ್ಲ ಅಂದವ್ರು ಸುಮಾರು 1 ಪರ್ಸೆಂಟ್ ಅದಾರ ಅಂತ. ಬ್ರಿಟನ್ನಿನ ಲೆಕ್ಕಾ ನಮಗ ಹೊಂದ್ತೈತೋ ಇಲ್ಲೋ, ಹೊಂದ್ತೈತಿ ಅಂತ ಇಟ್ಕೊಂಡ್ರ ನಮ್ಮ ಹಾಸ್ಟೆಲಿನಾಗ ಇನ್ನೊಬ್ಬಾಕಿ ಇದ್ದಿರಬೇಕು. ಆಕೀನೂ ಆ ಗ್ವಾಡಿಗೆ ಯಾವ್ದೋ ಒಂದು ಹೆಸರು ಹೇಳಿರಬೇಕು, ಎದುರು ಕಡಿ ಕಿವಿ ಹಚ್ಚಿ ನಕ್ಕಾಕಿ ನಾನ ಇದ್ದಿರಬೇಕು.

ಶಬ್ಬಾಶ್

ಜಾರ್ಜಿಯಾಗೂ ನನಗೂ ಇಲ್ಲಿತನ ಒಂದ ದಾರಿ, ಇಲ್ಲಿಂದ ಬ್ಯಾರೆ ಆಗ್ತೈತಿ. ಆಕಿ ಊರಾಗ ಹದಿನೆಂಟಕ್ಕ ಯಾರೂ ಇಲ್ಲ ಅಂದ್ರ ಏನೋ ಕಮ್ಮಿ ಐತಿ ಅಂತ ಅರ್ಥ, ಅದಕ್ಕ ಆಕಿ ಕಥಿ ಓಡ್ತೈತಿ, ಪ್ರತಿ ಪಾರ್ಟಿ, ಪ್ರತಿ ಆಟ, ಪ್ರತಿ ರೂಮ್‌ಮೇಟು ಆಕಿನ್ನ ಒಂದ ಪ್ರಶ್ನೆ ಮುಂದ ತಂದು ನಿಲ್ಲಸ್ತಾರ. ನಮ್ಮ ಕಡಿ ಹದಿನೆಂಟಕ್ಕ ಯಾರೂ ಇಲ್ಲ ಅಂದ್ರ ಅದು ಮಾರ್ಕ್ಸ್ ಕಾರ್ಡಿಗಿಂತ ದೊಡ್ಡ ಸರ್ಟಿಫಿಕೇಟು. ನಮ್ಮ ವಾರ್ಡನ್ ಬಾಯಿ ನಮ್ಮಪ್ಪನ ಮುಂದ ಹೇಳಿದ್ರು, "ಈಕಿ ಚಿಂತಿ ಬಿಡ್ರಿ, ಈಕಿ ತಲಿ ಎತ್ತಿ ನೋಡಾಕಿ ಅಲ್ಲ." ಉಳಿದಾಕಿಗೋಳ ಫೋನ್ ಚೆಕ್ ಆಗ್ತಿದ್ವು, ನಂದು ಆಗ್ತಿದ್ದಿಲ್ಲ. ಸಿದ್ದೇಶ್ವರ ಜಾತ್ರಿಗೆ ಹುಡುಗ್ಯಾರನ್ನ ಕಳಸಬೇಕಂದ್ರ "ಆಕಿ ಬರ್ತಾಳೇನು? ಹಂಗಾರ ಹೋಗ್ರಿ" ಅಂತಿದ್ರು, ನಾ ಜೊತಿಗಿದ್ರ ಎಲ್ಲಾರಿಗೂ ಪರ್ಮಿಷನ್. (ಜಾತ್ರ್ಯಾಗ ಅವರು ಭೇಟಿ ಆಗೋರನ್ನ ಭೇಟಿ ಆಗಿ ಬರೋತನ ನಾ ಬೆಂಡು ಬತ್ತಾಸ ತಿನ್ಕೋತ ಪರ್ಸ್ ಕಾಯ್ತಿದ್ದೆ. ನಾಲ್ಕು ಮದುವಿಯೊಳಗ ನನ್ನ ಪಾಲು ಐತಿ.)

ನಮ್ಮಪ್ಪ ಹೆಮ್ಮಿಲೇ ಮಂದಿ ಮುಂದ ಹೇಳೋರು, ನಮ್ಮ ಹುಡುಗಿಗೆ ಓದು ಬಿಟ್ರ ಬ್ಯಾರೆ ಲಕ್ಷ್ಯ ಇಲ್ಲ ಅಂತ. ನಾನೂ ಅದನ್ನ ನಂಬಿದ್ದೆ, ಸಂಸ್ಕಾರ ಅಂತ, ಗುಣಾ ಅಂತ. ನನ್ನ ಸ್ವಭಾವಕ್ಕ ಅಷ್ಟು ಮರ್ಯಾದಿ ಸಿಗ್ತಿತ್ತಲ್ಲ, ಹಿಂಗಿದ್ದಾಗ ಯಾವ ಹುಡುಗಿ ರಾತ್ರಿ ಕುಂತು ಗೂಗಲ್ ಮಾಡ್ತಾಳ ಹೇಳ್ರಿ. ನಂದು ಏನು ಅನ್ನೋದು ನನಗ ಗೊತ್ತಾಗದಂಗ ಇಡೀ ಊರು ಕೂಡಿ ಭಾಳ ಪ್ರೀತಿಲೇ ಮುಚ್ಚಿಟ್ತು, ಅವರಿಗೂ ಗೊತ್ತಿದ್ದಿಲ್ಲ ಮುಚ್ಚಿಡಾಕತ್ತೇವಿ ಅಂತ.

ಹುಡುಗರದ್ದು ಬ್ಯಾರೆ ಲೆಕ್ಕ. ಹುಡುಗಿ ಬಗ್ಗೆ ಮಾತಾಡದ ಹುಡುಗನ್ನ ದೋಸ್ತರು ಕಾಡಿ ಕಾಡಿ ಹಣ್ಣ ಮಾಡ್ತಾರ. ಅವಗ ಪಾರಾಗಾಕ ನಮ್ಮ ಕಡಿ ಒಂದು ಜಾಗ ಐತಿ, ಗರಡಿ ಮನಿ. ಹನಮಪ್ಪನ ಭಕ್ತ, ಪೈಲವಾನ, ಬ್ರಹ್ಮಚಾರಿ ಅಂದ್ರ ಯಾರೂ ಏನೂ ಅನ್ನಂಗಿಲ್ಲ, ಹಾಲು ಬದಾಮಿ ತಂದು ಕೊಡ್ತಾರ. ಆದ್ರ ಬ್ರಹ್ಮಚರ್ಯ ಅಂದ್ರ ಇರೋ ಆಸೆನ್ನ ಕಟ್ಟಿ ಹಾಕೋದು, ಅದಕ್ಕ ಅದು ಸಾಧನೆ. ಕಟ್ಟಾಕ ಏನೂ ಇಲ್ಲದವ ಅಲ್ಲಿ ಮಣ್ಣಾಗ ನಿಂತು ಏನ್ ಸಾಧನೆ ಮಾಡಿದಂಗಾತು? ಅವ ಯಾರ ಮುಂದ ಹೇಳ್ಬೇಕು, ನನಗ ಇದು ಕಷ್ಟನ ಇಲ್ಲಪಾ ಅಂತ? ಈ ಹುಡುಗನ ಕಥಿ ಯಾರಾರ ಬರಿಯವ್ರು ಇದ್ರ ಬರೀಲಿ, ನನಗ ಗರಡಿ ಒಳಗಿನ ಮಾತು ಗೊತ್ತಿಲ್ಲ.

ಎಕ್ಸ್‌ಪೈರಿ

ಡಿಗ್ರಿ ಮುಗೀತು, ಬಿ.ಎಡ್ ಮುಗೀತು, ನೌಕರಿ ಹತ್ತಿತು, ಅಲ್ಲಿಗೆ ಸರ್ಟಿಫಿಕೇಟಿನ ಅವಧಿ ಮುಗೀತು. ಯಾವ ಮಾತಿಗೆ ಶಬ್ಬಾಶ್ ಅಂತಿದ್ರೋ ಅದ ಮಾತಿಗೆ ಡಾಕ್ಟರಿಗೆ ತೋರಸ್ಬೇಕಾ ಅಂದ್ರು. ನಾ ಒಂದಿಂಚೂ ಬದ್ಲಾಗಿದ್ದಿಲ್ಲ.

ನವನಗರದ ನಮ್ಮ ಮನಿಗೆ ಕನ್ಯಾ ನೋಡಾಕ ಬಂದಿದ್ರು. ಶಿರಾ, ಉಪ್ಪಿಟ್ಟು, ಚಹಾ ಆದ ಮ್ಯಾಲ ಹಿರಿಯರು "ಹುಡುಗ ಹುಡುಗಿ ಒಂದೆರಡು ಮಾತಾಡ್ಲಿ" ಅಂತ ನಮ್ಮಿಬ್ಬರನ್ನ ಮಾಳಗಿ ಮ್ಯಾಲ ಕಳಿಸಿದ್ರು. ಅವ್ವ ಒಣಾ ಹಾಕಿದ್ದ ಹಪ್ಪಳದ ನಡುವ ಎರಡು ಪ್ಲಾಸ್ಟಿಕ್ ಕುರ್ಚಿ. ಹುಡುಗ ಛಲೋ ಮನಷ್ಯಾ, ಇದನ್ನ ಖರೇನ ಹೇಳಾಕತ್ತೇನಿ. ಕಾಗಿ ಬಂದು ಹಪ್ಪಳಕ್ಕ ಬಾಯಿ ಹಾಕಿದ್ರ ತಾನ ಎದ್ದು ಓಡಿಸಿ ಬಂದ, ಆಮ್ಯಾಲ ದನಿ ಸಣ್ಣದು ಮಾಡಿ ಕೇಳಿದ, "ನಿಮ್ಮ ಮನಸಿನಾಗ ಬ್ಯಾರೆ ಯಾರಾರ ಅದಾರೇನ್ರಿ? ಇದ್ರ ಹೇಳ್ರಿ, ನಾನ ಒಲ್ಲೆ ಅಂತೀನಿ, ನಿಮ್ಮ ಮ್ಯಾಲ ಮಾತು ಬರಂಗಿಲ್ಲ."

ಎಷ್ಟು ದೊಡ್ಡ ಮನಸು ನೋಡ್ರಿ. ಆದ್ರ ಅವನ ದೊಡ್ಡ ಮನಸಿಗೂ ಒಂದು ಹೆಸರು ಬೇಕಾಗಿತ್ತು. ಯಾವ್ದರ ಒಂದು ಹೆಸರು ಹೇಳಿದ್ರ ಅವಗ ತಿಳಿತಿತ್ತು, ಪಾಪ ಈಕಿ ಬ್ಯಾರೆಯವನ್ನ ಪ್ರೀತಿ ಮಾಡ್ತಾಳ ಅಂತ ಸಮಾಧಾನದಾಗ ಎದ್ದು ಹೋಗ್ತಿದ್ದ. "ಯಾರೂ ಇಲ್ರಿ" ಅಂದೆ. "ಹಂಗಾರ ಮತ್ತೇನ ಅಡ್ಡಿ?" ಅಂದ. ಅಡ್ಡಿ ಏನೂ ಇಲ್ರಿ, ನನಗ ಬೇಕನಸೂದಿಲ್ಲ ಅಂದೆ. ಅವ ಸ್ವಲ್ಪ ಹೊತ್ತು ಕುಂತು, ನೌಕರಿ ಸಲುವಾಗಿ ಏನ್ರಿ, ಮುಂದ ಓದೋದ ಐತೇನ್ರಿ, ಬೆಂಗಳೂರ ಬ್ಯಾಡ ಏನ್ರಿ ಅಂತ ಒಂದೊಂದ ಕಾರಣ ನನ್ನ ಮುಂದ ಇಡ್ಕೋತ ಹೋದ, ನಾ ಯಾವ್ದರ ಒಂದು ಎತ್ಕೊಳ್ಳಿ ಅಂತ ಅವನ ಆಸೆ. ನಾ ಎತ್ಕೊಳ್ಳಲಿಲ್ಲ, ಅವ ಕೆಳಗಿಳದು ಹೋದ, ಕಾಗಿ ಮತ್ತ ಬಂತು.

ಆವತ್ತು ಸಂಜಿಕ ನಮ್ಮ ಅತ್ತಿ ಹೇಳಿದ ಮಾತು ಮನ್ಯಾಗ ಇನ್ನೂ ಓಡ್ತೈತಿ. "ಮದುವಿ ಬ್ಯಾಡಂದ್ರ ಏನ್ ಮಾಡ್ತಿ, ಕಾವಿ ಉಟ್ಕೊಂಡು ಕೂಡಲಸಂಗಮಕ್ಕ ಹೋಗ್ತೀಯೇನು?" ಬೈಯಾಕ ಅಂದಿದ್ದಲ್ಲ, ಅತ್ತಿಗೆ ಖರೇನ ಅದು ಒಂದು ದಾರಿ ಅನಸಿತ್ತು, ಕೂಡಲಸಂಗಮದಾಗ ಮಾತೆ ಮಹಾದೇವಿಯವ್ರು ಪೀಠದ ಮ್ಯಾಲ ಕುಂತಿದ್ದನ್ನ ನೋಡಿ ಬಂದಾಕಿ. ಅಕ್ಕಮಹಾದೇವಿಯಿಂದ ಹಿಡ್ದು ನಮ್ಮ ಮಂದಿಗೆ ಇದು ಗೊತ್ತಿರೋ ಸಂಗತಿ, ಹೆಣ್ಣು ಗಂಡನ್ನ ಬ್ಯಾಡ ಅನ್ನಬಹುದು, ಆದ್ರ ಅವನಕಿಂತ ದೊಡ್ಡ ಗಂಡ ಒಬ್ಬ ಇರಬೇಕು. ಕೌಶಿಕ ಬ್ಯಾಡ ಅಂದ್ರ ಚೆನ್ನಮಲ್ಲಿಕಾರ್ಜುನ ಬೇಕು. ಯಾರೂ ಬ್ಯಾಡ, ದೇವರೂ ಗಂಡ ಅಲ್ಲ, ಸಂಜಿಕ ಮನಿಗೆ ಬಂದು ಚಹಾ ಕುಡ್ದು ಪೇಪರ್ ತಿದ್ದಿ ಮಲ್ಕೋತೀನಿ ಅಂದ್ರ ಅದಕ್ಕ ಖಾನಿನ ಇಲ್ಲ.

ಹೋಗ್ಲಿ ಬಿಡು ಮದುವಿ ಆಗು, ಆಮ್ಯಾಲ ಎಲ್ಲಾ ತಾನ ಸರಿ ಆಗ್ತೈತಿ ಅನ್ನವ್ರಿಗೆ ವಕೀಲಕಿ ಮಾಡೋ ನನ್ನ ಗೆಳತಿ ಒಂದು ಉತ್ತರ ಇಟ್ಕೊಂಡಾಳ. 1955ರ ಹಿಂದೂ ವಿವಾಹ ಕಾಯ್ದೆ 12ನೇ ಕಲಮಿನಾಗ ನಪುಂಸಕತ್ವದಿಂದ ದೈಹಿಕ ಸಂಬಂಧ ಆಗದ ಮದುವಿನ್ನ ರದ್ದು ಮಾಡಾಕ ಬರ್ತೈತಿ, 2007ರ ಒಂದು ತೀರ್ಪಿನಾಗ ಸುಪ್ರೀಂ ಕೋರ್ಟು ಕಾರಣ ಇಲ್ಲದ ಭಾಳ ದಿವಸ ಸಂಬಂಧ ನಿರಾಕರಿಸೋದು ಮಾನಸಿಕ ಕ್ರೌರ್ಯ ಆಗಬಹುದು ಅಂದೈತಿ. ಅಲ್ಲೂ ಕಾರಣ ಕೇಳ್ತಾರ. ನಮ್ಮ ಏಸ್ ಹುಡುಗಿ ಕಥಿ ಪಾರ್ಟಿಯೊಳಗ ಸುರುವಾಗಂಗಿಲ್ಲ, ಬ್ಯಾಡ ಅನ್ನಾಕ ಬರದಿದ್ರ ಫ್ಯಾಮಿಲಿ ಕೋರ್ಟಿನ ಬೆಂಚಿನ ಮ್ಯಾಲ ಸುರುವಾಗ್ತೈತಿ, ಆಗ ಆಕಿ ವಯಸ್ಸು ಯಂಗ್ ಅಡಲ್ಟ್ ಶೆಲ್ಫು ದಾಟಿರ್ತೈತಿ.

ಅಕ್ಕನ ಮಗಳು ಬಿಟ್ಟು ಹೋದ ಉಳಿದ ಪುಸ್ತಕ

ಕ್ಲೇರ್ ಕ್ಯಾನ್ ಅವರ ‘ಲೆಟ್ಸ್ ಟಾಕ್ ಅಬೌಟ್ ಲವ್’ (2018) ನನಗ ಅಷ್ಟೊಂದು ಹಿಡಸಲಿಲ್ಲ, ಭಾಳ ಸಿಹಿ. ಆದ್ರ ಅದರಾಗಿನ ಆಲಿಸ್ ಕಪ್ಪು ವರ್ಣದ ಹುಡುಗಿ, ಆಕಿಗೆ ಪ್ರೀತಿ ಬೇಕು, ದೇಹ ಸಂಬಂಧ ಬ್ಯಾಡ, ಅದ ಕಾರಣಕ್ಕ ಹಿಂದಿನ ಗರ್ಲ್‌ಫ್ರೆಂಡ್ ಬಿಟ್ಟು ಹೋಗ್ಯಾಳ, ಈಗ ಲೈಬ್ರರಿಯೊಳಗ ಜೊತಿಗೆ ಕೆಲಸ ಮಾಡೋ ಹುಡುಗನ್ನ ನೋಡಿ ಮತ್ತ ಮನಸು ಕರಗಾಕತ್ತೈತಿ. ಏಸ್ ಅಂದ್ರ ಪ್ರೀತಿನೂ ಬ್ಯಾಡದವ್ರು ಅಂತ ತಿಳ್ಕೊಂಡವ್ರಿಗೆ ಓದಾಕ ಕೊಡಬೇಕಾದ್ದು. ಶಾನನ್ ಮ್ಯಾಗ್ವಾಯರ್ ಅವರ ‘ಎವ್ರಿ ಹಾರ್ಟ್ ಎ ಡೋರ್‌ವೇ’ (2016) ಹ್ಯೂಗೊ, ನೆಬ್ಯುಲಾ ಎರಡೂ ಪ್ರಶಸ್ತಿ ಗೆದ್ದದ್ದು, ಬರವಣಿಗಿ ಭಾರಿ. ಅದರಾಗ ನ್ಯಾನ್ಸಿ ತಾನು ಏಸ್ ಅಂತ ನೆಟ್ಟಗ ಹೇಳ್ತಾಳ, ಆದ್ರ ಆಕಿ ತಿರುಗಿ ಹೋಗಾಕ ಹಂಬಲಸೋ ಲೋಕ ಸತ್ತವರ ಲೋಕ, ಅಲ್ಲಿ ಅಲ್ಲಾಡದ ಬೊಂಬಿಗತೆ ನಿಂದರೋದ ಆಕಿ ಸುಖ. ಲೇಖಕಿ ಎರಡನ್ನೂ ಜೋಡಿಸಿಲ್ಲ, ಓದವ್ರು ಜೋಡಸ್ತಾರ, ಹಿಂಗದಾಳಂದ್ರ ಅದಕ್ಕ ಸಾವಿನ ಜೋಡಿ ನಂಟು ಇರಬೇಕು ಅಂತ.

ಇನ್ನ ಜಗ್‌ಹೆಡ್. ಬರ್ಗರ್ ಬಿಟ್ರ ಬ್ಯಾರೆ ಯಾವ ಮೋಹಾನೂ ಇಲ್ಲದ ಈ ಹುಡುಗ 1941ರಿಂದ ಅಮೆರಿಕಾದ ಆರ್ಚಿ ಕಾಮಿಕ್ಸಿನಾಗ ಅದಾನ, 2016ರಾಗ ಕಾಮಿಕ್ಸಿನವ್ರ ಅವ ಅಸೆಕ್ಷುವಲ್ ಅಂತ ಬರದ್ರು. ಮರುವರ್ಷ ‘ರಿವರ್‌ಡೇಲ್’ ಟಿವಿ ಸೀರಿಯಲ್ ಬಂತು, ಅವಗ ಗರ್ಲ್‌ಫ್ರೆಂಡ್ ಗಂಟ ಹಾಕಿದ್ರು. ಸಂಬಂಧಿಕರ ಬುದ್ಧಿ ಎಲ್ಲಾ ದೇಶದಾಗೂ ಒಂದ.

ನನಗ ಮನಸಿಗೆ ಹತ್ತಿದ್ದು ಡಾರ್ಸಿ ಲಿಟಲ್ ಬ್ಯಾಜರ್ ಅವರ ‘ಎಲಾಟ್ಸೊ’ (2020). ಅಮೆರಿಕಾದ ಮೂಲನಿವಾಸಿ ಲಿಪಾನ್ ಅಪಾಚಿ ಮನಿತನದ ಹದಿನೇಳರ ಎಲಿ, ಸತ್ತ ಪ್ರಾಣಿಗಳ ಆತ್ಮ ಕರಿಯೋ ವಿದ್ಯೆ ತಲಿಮಾರಿನಿಂದ ಬಂದೈತಿ, ಸತ್ತ ನಾಯಿ ಕರ್ಬಿ ಬೆನ್ನ ಹತ್ತಿ ತಿರಗತೈತಿ, ಅಣ್ಣನಂತಾ ಕಸಿನ್ನಿನ ಕೊಲಿ ಯಾರು ಮಾಡಿದ್ರು ಅಂತ ಹುಡಕಾಕತ್ತಾಳ. ಆಕಿ ಏಸ್ ಅನ್ನೋದು ನಡುವ ಒಂದ ಮಾತಿನಾಗ ಬಂದು ಹೋಗ್ತೈತಿ, ಯಾರೂ ತಿರುಗಿ ಕೇಳಂಗಿಲ್ಲ, ಅವ್ವ ಅಪ್ಪ ಬೆಚ್ಚಿ ಬೀಳಂಗಿಲ್ಲ. ಅಕ್ಕನ ಮಗಳಿಗೆ ಇದು ಬೋರ್ ಹೊಡೀತು, "ಅದರ ಬಗ್ಗೆ ಏನೂ ಇಲ್ಲಲ್ಲ ಮೌಶಿ" ಅಂದ್ಲು. ನನಗ ಅದ ಬೇಕಾಗಿತ್ತು.

ಕಾರಣ ಇಲ್ಲದ ಮೌಶಿ

ಏಸ್ ಪಾತ್ರದ ಬಗ್ಗೆ ಮಾತು ಬಂದಲ್ಲೆಲ್ಲಾ ಒಂದ ಬೇಡಿಕಿ, ನಮ್ಮನ್ನ ಸೈಡ್ ಕ್ಯಾರೆಕ್ಟರ್ ಮಾಡಬ್ಯಾಡ್ರಿ, ಹೀರೋಯಿನ್ ಮಾಡ್ರಿ ಅಂತ. ಅಲ್ಲಿಗೆ ಅದು ಖರೆ. ನನಗ ಮಾತ್ರ ಕನ್ನಡದ ಹದಿವಯಸ್ಸಿನ ಹುಡುಗ್ಯಾರಿಗೆ ಬರಿಯೋ ಕಥಿಯೊಳಗ ಸೈಡ್ ಕ್ಯಾರೆಕ್ಟರ್ ಬೇಕು, ಅದೂ ವಯಸ್ಸಾದಾಕಿ. ಹದಿನೇಳಕ್ಕ ನನಗ ಬೇಕಾಗಿದ್ದು ಹದಿನೇಳರ ಇನ್ನೊಬ್ಬ ಹುಡುಗಿ ಅಲ್ಲ, ಹದಿನೇಳಕ್ಕ ನಾ ಸುಖವಾಗಿದ್ದೆ. ಮೂವತ್ತೈದರ ಒಬ್ಬಾಕಿ ಕಣ್ಣಿಗೆ ಬಿದ್ದಿದ್ರ ಆಗ್ತಿತ್ತು. ‘ಲವ್‌ಲೆಸ್’ನಾಗ ಜಾರ್ಜಿಯಾಗ ದಾರಿ ತೋರಸಾಂವ ಸುನೀಲ್ ಝಾ, ಹೆಸರು ನೋಡಿ ನನಗ ಊರಾನ ಮನಷ್ಯಾ ಸಿಕ್ಕಂಗ ಆತು, ಆದ್ರ ಅವನೂ ಡರ್ಹಾಮ್ ಯುನಿವರ್ಸಿಟಿ ಸ್ಟೂಡೆಂಟ, ಆಕಿಗಿಂತ ಒಂದೆರಡು ವರ್ಷ ದೊಡ್ಡಾಂವ ಅಷ್ಟ. ಅವ ಬಾಡಗಿ ಮನಿ ಹುಡುಕಿದ್ದು, ಜ್ವರಾ ಬಂದ್ರ ಯಾರು ನೋಡ್ಕೊಂಡ್ರು, ಅದ್ಯಾವ್ದೂ ಇನ್ನೂ ಆಗಿಲ್ಲ.

ನಮ್ಮ ಕಥಿ ಕಾದಂಬರಿಯೊಳಗ ಮದುವಿ ಇಲ್ಲದ ಅತ್ತಿ, ಮೌಶಿ, ದೊಡ್ಡವ್ವ ಬೇಕಾದಷ್ಟು ಸಿಗ್ತಾರ. ಆದ್ರ ಒಬ್ಬೊಬ್ಬಾಕಿಗೂ ಒಂದೊಂದು ಕಾರಣ ಕಟ್ಟಿರ್ತಾರ. ಪ್ರೀತಿ ಮಾಡಿದಾಂವ ಕೈ ಕೊಟ್ಟ, ಜಾತಕದಾಗ ದೋಷ ಇತ್ತು, ತಮ್ಮಂದಿರನ್ನ ಓದಸಾಕ ತನ್ನ ಜೀವನ ಸವೆಸಿದ್ಲು, ವರದಕ್ಷಿಣಿ ಕೊಡಾಕ ಆಗ್ಲಿಲ್ಲ. ಟ್ರಂಕಿನ ತಳದಾಗ ಒಂದು ಹಳೇ ಫೋಟೊ ಇದ್ದ ಇರ್ತೈತಿ, ಅದನ್ನ ಹುಡುಗಿ ಇಪ್ಪತ್ತನೇ ಅಧ್ಯಾಯದಾಗ ಹೊರಗ ತಗಿತಾಳ, ಮೌಶಿ ಕಣ್ಣಾಗ ನೀರು. ಪ್ರತಿಲಿಪಿಯೊಳಗ ಬರೋ ಧಾರಾವಾಹಿ ನಾನೂ ರಾತ್ರಿ ಓದಾಕಿನ, ಮದುವಿ ಬ್ಯಾಡ ಅನ್ನೋ ನಾಯಕಿ ಮೊದಲನೇ ಕಂತಿನಾಗ ಬಂದ್ಲಂದ್ರ ಆಕಿಗೆ ತಾಳಿ ಬೀಳೋದು ಯಾವ ಕಂತಿನಾಗ ಅಂತ ಹೇಳಿ ಪೈಜ್ ಕಟ್ಟಬಹುದು.

ನನಗ ಬೇಕಾಗಿದ್ದು ಟ್ರಂಕ್ ಇಲ್ಲದ ಮೌಶಿ. ಟ್ರಂಕ್ ಇದ್ರೂ ಅದರಾಗ ಸ್ವೆಟರ್ ಇರಬೇಕು. ಕಥಿ ಆಕಿದಲ್ಲ, ಹುಡುಗಿದು. ಹುಡುಗಿ ಹುಡುಗನ್ನ ಪ್ರೀತಿ ಮಾಡ್ಲಿ, ಅವ ಬಿಟ್ಟು ಹೋಗ್ಲಿ, ಸಿಇಟಿಯೊಳಗ ರ‍್ಯಾಂಕ್ ಬರದ ಹೋಗ್ಲಿ, ಅವ್ವನ ಜೋಡಿ ಜಗಳಾಡಿ ಊಟಕ್ಕ ಮೌಶಿ ಮನಿಗೆ ಬರ್ಲಿ. ಮೌಶಿಗೆ ಸ್ಕೂಟಿ ಐತಿ, ಮನಿ ಮಾಲಕನ ಜೋಡಿ ನೀರಿನ ಸಲುವಾಗಿ ತಕರಾರು ಐತಿ, ಪಕ್ಕದ ಮನಿ ಕಾಕು ಜೋಡಿ ವರ್ಷಕ್ಕೊಮ್ಮೆ ಶ್ರೀಶೈಲ ಹೋಗಿ ಬರ್ತಾಳ, ಸಿಟ್ಟು ಮೂಗಿನ ತುದಿ ಮ್ಯಾಲ, ಕ್ರಿಕೆಟ್ ಹುಚ್ಚು. ಪಾಪ ಅನಿಸಬಾರದು, ಪುಣ್ಯಾತ್ಮಳು ಅಂತಾನೂ ಅನಿಸಬಾರದು. ಎಲ್ಲೋ ನಡುವ ಹುಡುಗಿ ತುತ್ತು ಬಾಯಾಗ ಇಟ್ಕೊಂಡ ಕೇಳ್ತಾಳ, ಮೌಶಿ ನೀ ಯಾಕ ಮದುವಿ ಆಗ್ಲಿಲ್ಲ ಅಂತ. "ಯಾರನ್ನ ನೋಡಿದ್ರೂ ಹಂಗ ಏನೂ ಅನಸ್ಲಿಲ್ಲವಾ. ಇನ್ನೊಂದು ಭಕ್ರಿ ಹಾಕ್ಲ್ಯಾ?" ಅಂತಾಳ ಮೌಶಿ. ಹುಡುಗಿ ಅರ್ಧ ಸಾಕು ಅಂತಾಳ. ಮುಂದಿನ ಸಾಲಿನಾಗ ಮತ್ತ ಸಿಇಟಿ ಚಿಂತಿ.

ಇದನ್ನ ಅಕ್ಕನ ಮಗಳ ಮುಂದ ಫೋನಿನಾಗ ಹೇಳಿದೆ. ಆಕಿ ಸ್ವಲ್ಪ ಹೊತ್ತು ಕೇಳಿ, "ಛಲೋ ಐತಿ, ಆದ್ರ ಛಾಪಸವ್ರು ಇಲ್ಲೊಂದು ಫ್ಲಾಶ್‌ಬ್ಯಾಕ್ ಹಾಕ್ರಿ ಅಂತಾರ ಮೌಶಿ" ಅಂದ್ಲು. ಅಂತಾರ, ಗೊತ್ತೈತಿ ನನಗ. ನಾ ಹಾಕಂಗಿಲ್ಲ.